ಸಾಹೇಬರ ಸಿಗ್ನಲ್ ಗ್ರೂಪ್: ಗುಟ್ಟು ಉಳಿಯುತ್ತದೆಯೇ, ದಾಖಲೆ ಉಳಿಯುತ್ತದೆಯೇ?

ಪ್ರಶ್ನೆ: ನಾನು ಸರ್ಕಾರಿ ಇಲಾಖೆಯೊಂದರಲ್ಲಿ ಹಿರಿಯ ಅಧಿಕಾರಿಯ ಆಪ್ತ ಸಹಾಯಕಿ. ಆರು ತಿಂಗಳಿಂದ ನಮ್ಮ ಸಾಹೇಬರು ಸಿಗ್ನಲ್ ಎಂಬ ಮೆಸೇಜ್ ಆ್ಯಪ್‌ನಲ್ಲಿ 22 ಜನರ ಒಂದು ಗ್ರೂಪ್ ನಡೆಸುತ್ತಿದ್ದಾರೆ. ಟೆಂಡರ್ ತೆರೆಯುವ ಮುಂಚಿನ ಚರ್ಚೆ, ವರ್ಗಾವಣೆ ಪಟ್ಟಿ, ತಪಾಸಣಾ ತಂಡ ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕು ಎಂಬುದು, ಎಲ್ಲವೂ ಅಲ್ಲೇ. ಮೆಸೇಜ್‌ಗಳು ಒಂದು ವಾರಕ್ಕೆ ತಾವಾಗಿ ಅಳಿದುಹೋಗುವ ಹಾಗೆ ಇಟ್ಟಿದ್ದಾರೆ. ‘ಇದನ್ನು ಯಾರೂ ಒಡೆಯಲಾರರು, ಕಡತಕ್ಕಿಂತ ಇದೇ ಭದ್ರ’ ಎನ್ನುತ್ತಾರೆ. ಗ್ರೂಪಿಗೆ ಜನರನ್ನು ಸೇರಿಸುವುದು, ತೆಗೆಯುವುದು ನನ್ನ ಕೆಲಸ. ಅಮೆರಿಕದ ಮಂತ್ರಿಗಳ ಗ್ರೂಪಿನೊಳಗೆ ಪತ್ರಕರ್ತರೊಬ್ಬರು ಸೇರಿಕೊಂಡಿದ್ದನ್ನು ಓದಿದಾಗಿನಿಂದ ಅಳುಕು. ಅಷ್ಟು ಭದ್ರವಾದ ಆ್ಯಪ್ ಸೋರಿದ್ದು ಹೇಗೆ? ನಾಳೆ ಯಾರಾದರೂ ದಾಖಲೆ ಕೇಳಿದರೆ ಅದು ನನ್ನ ತಲೆಗೆ ಬರುತ್ತದೆಯೇ? ವಾಟ್ಸಾಪ್‌ಗೋ ಟೆಲಿಗ್ರಾಂಗೋ ಬದಲಾಯಿಸಿದರೆ ಒಳ್ಳೆಯದೇ?

ಉತ್ತರ: ನೀವು ಕೇಳಿರುವುದು ಎರಡು ಬೇರೆ ಬೇರೆ ಭಯಗಳ ಬಗ್ಗೆ. ಒಂದು, ಗುಟ್ಟು ಹೊರಗೆ ಹೋದೀತು ಎಂಬುದು. ಇನ್ನೊಂದು, ಉಳಿಯಬೇಕಾದ್ದು ಉಳಿಯದೆ ಹೋದೀತು ಎಂಬುದು. ಮೊದಲನೆಯದನ್ನು ಸರಿಮಾಡಲು ಹೊರಟವರು ಎರಡನೆಯದನ್ನು ಕೆಡಿಸಿಕೊಳ್ಳುವುದೇ ಹೆಚ್ಚು. ನಿಮ್ಮ ಸಾಹೇಬರ ಗ್ರೂಪಿನಲ್ಲಿ ಆಗಿರುವುದೂ ಅದೇ.

ಸಾಹೇಬರ ಮಾತಿನಲ್ಲಿ ನಿಜ ಇರುವಷ್ಟನ್ನು ಮೊದಲು ಒಪ್ಪಿಕೊಳ್ಳೋಣ. ಸಿಗ್ನಲ್‌ನಲ್ಲಿ ಮೆಸೇಜಿಗೆ ಬೀಗ ಬೀಳುವುದು ಕಳಿಸುವವರ ಫೋನಿನಲ್ಲಿ, ಬೀಗ ತೆರೆಯುವುದು ಪಡೆಯುವವರ ಫೋನಿನಲ್ಲಿ. ನಡುವಿನ ಸರ್ವರಿಗೆ ಕಾಣುವುದು ಮುಚ್ಚಿದ ಪೆಟ್ಟಿಗೆ ಮಾತ್ರ. 2016ರಲ್ಲಿ ಅಮೆರಿಕದ ತನಿಖಾಧಿಕಾರಿಗಳು ಕೋರ್ಟ್ ಮೂಲಕ ಒಂದು ಖಾತೆಯ ವಿವರ ಕೇಳಿದಾಗ ಸಿಗ್ನಲ್ ಕೊಡಲು ಸಾಧ್ಯವಾಗಿದ್ದು ಎರಡೇ ಸಂಗತಿ: ಖಾತೆ ತೆರೆದ ದಿನ, ಕೊನೆಯ ಸಲ ಸರ್ವರಿಗೆ ಸಂಪರ್ಕವಾದ ದಿನ. ಆದ್ದರಿಂದ ‘ಸಿಗ್ನಲ್ ಇಟ್ಟುಕೊಂಡಿದ್ದೇ ತಪ್ಪು’ ಎಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಟೆಲಿಫೋನ್ ಕಂಪನಿಗಳ ಜಾಲದೊಳಗೆ ಚೀನಾದ ಹ್ಯಾಕರ್‌ಗಳು ನುಸುಳಿದ್ದು ಗೊತ್ತಾದ ಮೇಲೆ, 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ ಸರ್ಕಾರದ ಉನ್ನತ ಅಧಿಕಾರಿಗಳಿಗೆ ಇಂಥ ಆ್ಯಪ್‌ಗಳನ್ನೇ ಬಳಸಿ ಎಂದು ಹೇಳಿತ್ತು. ಮಾಮೂಲಿ ಎಸ್ಎಂಎಸ್ ಮತ್ತು ಕರೆಗಳಿಗೆ ಹೋಲಿಸಿದರೆ ಸಿಗ್ನಲ್ ಎಷ್ಟೋ ವಾಸಿ.

ಆದರೆ ಈ ಬೀಗ ಕಾಯುವುದು ದಾರಿಯನ್ನು. ಹೊರಡುವ ಮನೆ, ತಲುಪುವ ಮನೆ ಅದರ ಕಾವಲಿಗೆ ಬರುವುದಿಲ್ಲ. ನಿಮ್ಮ ಗ್ರೂಪಿನಲ್ಲಿ ಅಂಥ ಮನೆಗಳು 22 ಇವೆ. ಒಬ್ಬೊಬ್ಬರ ಲ್ಯಾಪ್‌ಟಾಪ್, ಟ್ಯಾಬ್ ಕೂಡ ಸೇರಿದ್ದರೆ ಐವತ್ತೂ ಇರಬಹುದು.

ಅಮೆರಿಕದಲ್ಲಿ ಸೋರಿದ್ದು ಎಲ್ಲಿ

ಆ ಪ್ರಕರಣದಲ್ಲಿ ಎನ್‌ಕ್ರಿಪ್ಷನ್, ಅಂದರೆ ಮೆಸೇಜಿಗೆ ಬೀಳುವ ಆ ಬೀಗ, ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ತೊಂದರೆ ಆಗಿದ್ದು ಕಾಂಟ್ಯಾಕ್ಟ್ ಪಟ್ಟಿಯಲ್ಲಿ. ಗ್ರೂಪಿಗೆ ಜನರನ್ನು ಸೇರಿಸುವ ಕೆಲಸ ನಿಮ್ಮದೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

2025ರ ಮಾರ್ಚ್‌ನಲ್ಲಿ ಯೆಮೆನ್‌ನ ಹೌತಿ ಬಂಡುಕೋರರ ಮೇಲಿನ ದಾಳಿಯ ಕುರಿತು ಚರ್ಚಿಸಲು ಅಮೆರಿಕದ ಅಂದಿನ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕ್ ವಾಲ್ಟ್ಜ್ ಸಿಗ್ನಲ್ ಗ್ರೂಪ್ ಮಾಡಿದರು. ಉಪಾಧ್ಯಕ್ಷರು, ರಕ್ಷಣಾ ಕಾರ್ಯದರ್ಶಿ, ಸಿಐಎ ನಿರ್ದೇಶಕರು ಅದರಲ್ಲಿದ್ದರು. ‘ದಿ ಅಟ್ಲಾಂಟಿಕ್’ ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಕೂಡ ಇದ್ದರು! ಅವರು ಅಲ್ಲಿಗೆ ಬಂದ ಬಗೆ ಶ್ವೇತಭವನದ ಆಂತರಿಕ ವಿಚಾರಣೆಯಲ್ಲಿ ಹೀಗೆ ಕಂಡುಬಂತೆಂದು ವರದಿಯಾಗಿದೆ: ತಿಂಗಳುಗಳ ಹಿಂದೆ ಗೋಲ್ಡ್‌ಬರ್ಗ್ ಬರೆದ ಇಮೇಲ್ ಒಂದನ್ನು ವಕ್ತಾರರೊಬ್ಬರು ವಾಲ್ಟ್ಜ್‌ಗೆ ಮೆಸೇಜಿನಲ್ಲಿ ಕಳಿಸಿದ್ದರು. ಇಮೇಲಿನ ಕೊನೆಯ ಸಹಿಯ ಭಾಗದಲ್ಲಿ ಗೋಲ್ಡ್‌ಬರ್ಗ್ ಅವರ ಫೋನ್ ನಂಬರ್ ಇತ್ತು. ಐಫೋನ್ ಅದನ್ನು ಮೆಸೇಜ್ ಕಳಿಸಿದವರದೇ ಹೊಸ ನಂಬರ್ ಎಂದು ಊಹಿಸಿ ‘ಸೇರಿಸಲೇ?’ ಎಂದು ಸೂಚಿಸಿತು. ಹೀಗೆ ವಕ್ತಾರರ ಹೆಸರಿನ ಅಡಿಯಲ್ಲಿ ಸಂಪಾದಕರ ನಂಬರ್ ಕೂತಿತು. ಮುಂದೆ ವಕ್ತಾರರನ್ನು ಗ್ರೂಪಿಗೆ ಸೇರಿಸಹೋದಾಗ ಸೇರಿದ್ದು ಸಂಪಾದಕರು.

ಮಾರ್ಚ್ 13ರಂದು ಸೇರಿದವರು 15ರಂದು ದಾಳಿ ನಡೆಯುವವರೆಗೂ ಒಳಗೇ ಇದ್ದರು. ವಿಮಾನಗಳು ಎಷ್ಟು ಹೊತ್ತಿಗೆ ಏರುತ್ತವೆ ಎಂಬ ಮೆಸೇಜೂ ಅವರ ಫೋನಿಗೆ ಬಂತು. ಗ್ರೂಪಿನಲ್ಲಿ ಅವರು ಕಾಣಿಸುತ್ತಿದ್ದದ್ದು ‘ಜೆಜಿ’ ಎಂಬ ಎರಡಕ್ಷರವಾಗಿ. ಇದು ಯಾರು ಎಂದು ಒಬ್ಬರೂ ಕೇಳಲಿಲ್ಲ. ಕೊನೆಗೆ ಅವರೇ ಗ್ರೂಪ್ ಬಿಟ್ಟು ಹೊರಬಂದು ಮಾರ್ಚ್ 24ರಂದು ವರದಿ ಬರೆದರು. ನನ್ನ ಮಟ್ಟಿಗೆ, ತಪ್ಪು ನಂಬರ್ ಸೇರಿದ್ದಕ್ಕಿಂತ ದೊಡ್ಡ ಲೋಪ ಇದು, ಪಟ್ಟಿಯನ್ನು ಯಾರೂ ಓದದಿದ್ದದ್ದು. ತಪ್ಪು ನಂಬರ್ ಯಾರ ಫೋನಿನಲ್ಲಾದರೂ ಇರುತ್ತದೆ.

ಇದೇ ಮಾತುಕತೆ ಅವರ ಸರ್ಕಾರದ ಗೌಪ್ಯ ಜಾಲದಲ್ಲಿ ನಡೆದಿದ್ದರೆ ಈ ತಪ್ಪು ಆಗುವುದೇ ಸಾಧ್ಯವಿರಲಿಲ್ಲ. ಹೊರಗಿನವರ ನಂಬರ್ ಆ ಜಾಲದಲ್ಲಿ ಇರುವುದೇ ಇಲ್ಲ. ಗೌಪ್ಯ ಮಾಹಿತಿಗೆ ಬೇರೆ ವ್ಯವಸ್ಥೆ ಏಕೆ ಬೇಕು ಎಂಬುದಕ್ಕೆ ಉತ್ತರ ಎನ್‌ಕ್ರಿಪ್ಷನ್‌ನ ಗಣಿತದಲ್ಲಿಲ್ಲ. ಅನುಮತಿ ಪಡೆದ ವ್ಯಕ್ತಿ, ಪರೀಕ್ಷೆಗೊಳಪಟ್ಟ ಯಂತ್ರ, ಮೊಬೈಲನ್ನು ಹೊರಗಿಟ್ಟು ಒಳಗೆ ಹೋಗುವ ಕೋಣೆ, ಈ ಮೂರೂ ಸೇರಿದರೆ ಗೌಪ್ಯತೆ. ಸಾಹೇಬರು ಹೇಳುವ ‘ಯಾರೂ ಒಡೆಯಲಾರರು’ ಇವುಗಳಲ್ಲಿ ಒಂದರ ಬಗ್ಗೆಯೂ ಅಲ್ಲ.

ಬೀಗ ಒಡೆಯದೆ ಒಳಗೆ ಬರುವ ದಾರಿಗಳು

ನಾವು ಫೋನ್ ಭದ್ರತೆಯ ತಪಾಸಣೆಗೆ ಹೋದಲ್ಲಿ ಮೊದಲು ತೆರೆದು ನೋಡುವುದು ಸೆಟ್ಟಿಂಗ್ಸ್ ಒಳಗಿನ ‘ಲಿಂಕ್ಡ್ ಡಿವೈಸಸ್’ ಎಂಬ ಪುಟ. ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಖಾತೆಗೆ ಇನ್ನೊಂದು ಯಂತ್ರ ಜೋಡಣೆಯಾಗುತ್ತದೆ, ಅಲ್ಲಿಂದಾಚೆಗೆ ಪ್ರತಿ ಮೆಸೇಜೂ ಎರಡೂ ಕಡೆ ಹೋಗುತ್ತದೆ. ಉಕ್ರೇನ್‌ನವರ ಮೇಲೆ ರಷ್ಯಾದ ಗೂಢಚಾರ ತಂಡಗಳು ಇದನ್ನೇ ಪ್ರಯೋಗಿಸುತ್ತಿವೆ ಎಂದು 2025ರ ಫೆಬ್ರವರಿಯಲ್ಲಿ ಗೂಗಲ್‌ನ ಭದ್ರತಾ ವಿಭಾಗ ಬಹಿರಂಗಪಡಿಸಿತು. ‘ಗ್ರೂಪಿಗೆ ಸೇರಲು ಸ್ಕ್ಯಾನ್ ಮಾಡಿ’ ಎಂಬ ಆಹ್ವಾನದ ಪುಟ, ನೋಡಲು ಅಸಲಿಯಂತೆಯೇ. ಅದರಲ್ಲಿರುವ ಕೋಡ್ ಮಾತ್ರ ಯಂತ್ರ ಜೋಡಿಸುವ ಕೋಡ್. ಸ್ಕ್ಯಾನ್ ಮಾಡಿದವರಿಗೆ ಏನೂ ಆದಂತೆ ಅನಿಸುವುದಿಲ್ಲ. ಎನ್‌ಕ್ರಿಪ್ಷನ್ ಎಂದಿನಂತೆ ನಡೆಯುತ್ತಿರುತ್ತದೆ, ಶತ್ರುವಿನ ಕಂಪ್ಯೂಟರಿನವರೆಗೂ!

ಬೇಹುಗಾರಿಕೆ ತಂತ್ರಾಂಶ ಇನ್ನೊಂದು. 2019ರಲ್ಲಿ ವಾಟ್ಸಾಪ್‌ನ ಕರೆ ವ್ಯವಸ್ಥೆಯಲ್ಲಿದ್ದ ದೋಷದ ಮೂಲಕ ಸುಮಾರು 1,400 ಫೋನ್‌ಗಳಿಗೆ ಪೆಗಾಸಸ್ ಹಾಕಲು ಯತ್ನಿಸಲಾಗಿತ್ತು. ಕರೆ ಎತ್ತಬೇಕಾಗಿಯೂ ಇರಲಿಲ್ಲ. ಫೋನೇ ಬೇರೆಯವರ ಕೈಗೆ ಸಿಕ್ಕ ಮೇಲೆ ಆ್ಯಪ್ ಯಾವುದಾದರೇನು, ಪರದೆಯ ಮೇಲೆ ನಿಮಗೆ ಕಾಣುವುದೆಲ್ಲ ಅವರಿಗೂ ಕಾಣುತ್ತದೆ.

ಇವೆಲ್ಲ ದೊಡ್ಡವರ ಮೇಲೆ ನಡೆಯುವ ದಾಳಿ. ದಿನನಿತ್ಯದ ಸೋರಿಕೆ ಇಷ್ಟು ಜಾಣತನದ್ದಲ್ಲ. ಮೇಜಿನ ಮೇಲಿಟ್ಟ ಫೋನಿನ ಲಾಕ್ ಪರದೆಯ ಮೇಲೆ ಮೆಸೇಜಿನ ಮೊದಲ ಎರಡು ಸಾಲು ಮಿನುಗುತ್ತದೆ. ಒಬ್ಬರು ಸ್ಕ್ರೀನ್‌ಶಾಟ್ ತೆಗೆಯುತ್ತಾರೆ, ಅದು ಗ್ಯಾಲರಿಗೆ ಬಿದ್ದು ಅಲ್ಲಿಂದ ತಾನಾಗಿ ಕ್ಲೌಡ್‌ಗೆ ಏರುತ್ತದೆ, ಮನೆಯವರ ಟ್ಯಾಬ್‌ನಲ್ಲೂ ತೆರೆದುಕೊಳ್ಳುತ್ತದೆ. ವರ್ಗವಾಗಿ ಹೋದವರನ್ನು ಗ್ರೂಪಿನಿಂದ ತೆಗೆಯಲು ಯಾರಿಗೂ ನೆನಪಾಗುವುದಿಲ್ಲ. ನೀವು ಮೊದಲು ಹೆದರಬೇಕಾದ್ದು ಇವಕ್ಕೆ.

ವಾಟ್ಸಾಪ್, ಟೆಲಿಗ್ರಾಂ

ಟೆಲಿಗ್ರಾಂ ಬೇಡವೇ ಬೇಡ. ಅದರಲ್ಲಿ ಮೆಸೇಜ್‌ಗಳ ಮಟ್ಟಿಗೆ ಎರಡೂ ತುದಿಯ ಎನ್‌ಕ್ರಿಪ್ಷನ್ ಇರುವುದು ಇಬ್ಬರ ನಡುವಿನ ‘ಸೀಕ್ರೆಟ್ ಚಾಟ್’ಗೆ ಮಾತ್ರ, ಅದನ್ನೂ ನಾವೇ ಆರಿಸಿಕೊಳ್ಳಬೇಕು. ಗ್ರೂಪ್‌ಗಳಿಗೆ ಅದು ಇಲ್ಲ. ‘ಟೆಲಿಗ್ರಾಂ ಗುಟ್ಟಿನ ಆ್ಯಪ್’ ಎಂಬ ನಂಬಿಕೆ ಎಲ್ಲಿಂದ ಹುಟ್ಟಿತೋ, ಇನ್ನೂ ಸಾಯುತ್ತಿಲ್ಲ.

ವಾಟ್ಸಾಪ್ 2016ರ ಏಪ್ರಿಲ್‌ನಿಂದ ಎಲ್ಲರಿಗೂ ಸಿಗ್ನಲ್‌ನದೇ ಎನ್‌ಕ್ರಿಪ್ಷನ್ ವಿಧಾನವನ್ನು ಬಳಸುತ್ತಿದೆ. ವ್ಯತ್ಯಾಸ ಇರುವುದು ಅಂಚಿನಲ್ಲಿ. ಯಾರು ಯಾರಿಗೆ ಯಾವಾಗ ಕಳಿಸಿದರು ಎಂಬ ಮಾಹಿತಿ ಅಲ್ಲಿ ಕಂಪನಿಯ ಬಳಿ ಹೆಚ್ಚು ಉಳಿಯುತ್ತದೆ. ಕ್ಲೌಡ್ ಬ್ಯಾಕಪ್‌ಗೆ ಬೀಗ ಹಾಕುವ ಸೌಲಭ್ಯ 2021ರಲ್ಲಿ ಬಂದಿದ್ದರೂ ಅದನ್ನು ನೀವೇ ಆನ್ ಮಾಡಬೇಕು. 22 ಜನರಲ್ಲಿ ಒಬ್ಬರು ಮಾಡದಿದ್ದರೂ ಇಡೀ ಗ್ರೂಪಿನ ಮಾತು ಅವರ ಬ್ಯಾಕಪ್‌ನಲ್ಲಿ ಬೀಗವಿಲ್ಲದೆ ಬಿದ್ದಿರುತ್ತದೆ. ಆ್ಯಪ್ ಬದಲಾಯಿಸುವುದರಿಂದ ನಿಮ್ಮ ಸಮಸ್ಯೆ ತೀರುವುದಿಲ್ಲ. ಸಿಗ್ನಲ್‌ನಲ್ಲೇ ಇರಿ, ಅಲ್ಲಿ ಆಡುವ ಮಾತನ್ನು ಬದಲಾಯಿಸಿ.

ತಾನಾಗಿ ಅಳಿಯುವ ಮೆಸೇಜ್

ನಿಮ್ಮ ಎರಡನೇ ಭಯ ಮೊದಲನೆಯದಕ್ಕಿಂತ ನಿಜವಾದದ್ದು. ಕಳೆದುಹೋದ ಫೋನಿನಿಂದ ಹಳೆಯ ಮಾತು ಸಿಗದಿರಲಿ ಎಂಬುದಕ್ಕೆ ಅಳಿಯುವ ಟೈಮರ್ ಒಳ್ಳೆಯ ಉಪಾಯ. ಆದರೆ ಎದುರಿನವರು ಫೋಟೊ ತೆಗೆದಿಟ್ಟುಕೊಳ್ಳುವುದನ್ನು ಅದು ತಡೆಯುವುದಿಲ್ಲ. ಹಾಗಾಗಿ ಆಗುವುದು ವಿಚಿತ್ರ: ವಿರೋಧಿಯ ಕೈಯಲ್ಲಿ ಸ್ಕ್ರೀನ್‌ಶಾಟ್ ಇರುತ್ತದೆ, ಕಚೇರಿಯ ಕೈಯಲ್ಲಿ ಏನೂ ಇರುವುದಿಲ್ಲ. ಅದರ ಹಿಂದಿನ ನಾಲ್ಕು ಮೆಸೇಜ್ ತೋರಿಸಿ ‘ಸಂದರ್ಭ ಹೀಗಿತ್ತು’ ಎನ್ನಲೂ ಆಗುವುದಿಲ್ಲ.

ವಾಲ್ಟ್ಜ್ ಅವರ ಆ ಗ್ರೂಪಿನಲ್ಲಿ ಟೈಮರ್ ಮೊದಲು ಒಂದು ವಾರಕ್ಕೆ, ಆಮೇಲೆ ನಾಲ್ಕು ವಾರಕ್ಕೆ ಇತ್ತು. ದಾಖಲೆ ಉಳಿಸಿ ಎಂದು ಮೊಕದ್ದಮೆ ಬಿದ್ದಾಗ ನ್ಯಾಯಾಧೀಶರು ಮಾರ್ಚ್ 11ರಿಂದ 15ರವರೆಗಿನ ಮೆಸೇಜ್‌ಗಳನ್ನು ಕಾಪಾಡಲು ಆದೇಶಿಸಿದರು. ಆದರೆ ಮಾರ್ಚ್ 31ರಂದು ಸಿಐಎ ನಿರ್ದೇಶಕರ ಖಾತೆಯನ್ನು ನೋಡಿದಾಗ ಗ್ರೂಪಿನ ಹೆಸರು, ಸೆಟ್ಟಿಂಗ್ ಬದಲಾದ ಸೂಚನೆ ಇಂಥವಷ್ಟೇ ಉಳಿದಿದ್ದವು. ಅಮೆರಿಕದ ಕಾನೂನಿನ ಪ್ರಕಾರ ಖಾಸಗಿ ಖಾತೆಯಲ್ಲಿ ಸರ್ಕಾರಿ ವಿಷಯ ಬರೆದವರು 20 ದಿನಗಳೊಳಗೆ ಅದರ ಪೂರ್ಣ ಪ್ರತಿಯನ್ನು ಅಧಿಕೃತ ಖಾತೆಗೆ ಕಳಿಸಬೇಕು. ವಾರದ ಟೈಮರ್ ಇಟ್ಟರೆ 20 ದಿನದ ಗಡುವು ಎಲ್ಲಿಂದ ಪಾಲನೆಯಾಗಬೇಕು?

ಬೇರೆ ಕಡೆಯೂ ಇದೇ ಹಾಡು. ಕೋವಿಡ್ ವಿಚಾರಣೆಯಲ್ಲಿ ಅಳಿಸಿಹೋದ ವಾಟ್ಸಾಪ್ ಮಾತುಗಳ ಕಾರಣಕ್ಕೆ ಮುಜುಗರಕ್ಕೊಳಗಾದ ಸ್ಕಾಟ್ಲೆಂಡ್ ಸರ್ಕಾರ, ಸರ್ಕಾರಿ ಫೋನ್‌ಗಳಲ್ಲಿ ಇಂಥ ಆ್ಯಪ್‌ಗಳ ಬಳಕೆಯನ್ನೇ 2025ರಲ್ಲಿ ನಿಲ್ಲಿಸಲು ತೀರ್ಮಾನಿಸಿತು. ಯುರೋಪಿಯನ್ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೆಯನ್ ಲಸಿಕೆ ಕಂಪನಿಯ ಮುಖ್ಯಸ್ಥರೊಂದಿಗೆ ವಿನಿಮಯ ಮಾಡಿಕೊಂಡ ಮೆಸೇಜ್‌ಗಳನ್ನು ಪತ್ರಕರ್ತರು ಕೇಳಿದಾಗ ಆಯೋಗ ಕೊಡಲಿಲ್ಲ. ಅವು ಏಕೆ ಸಿಗುತ್ತಿಲ್ಲ ಎಂಬುದಕ್ಕೆ ನಂಬುವಂಥ ವಿವರಣೆ ಇಲ್ಲ ಎಂದು 2025ರ ಮೇ 14ರಂದು ಕೋರ್ಟ್ ಆ ನಿರಾಕರಣೆಯನ್ನು ರದ್ದುಮಾಡಿತು. ಫೋನಿನಲ್ಲಿ ಬರೆದಿದ್ದು ದಾಖಲೆಯಲ್ಲ ಎಂಬುದು ಬರೀ ಭ್ರಮೆ. ಬರೆದದ್ದು ಯಾವ ಕೆಲಸಕ್ಕೆ ಎಂಬುದರ ಮೇಲೆ ಅದು ದಾಖಲೆಯೋ ಅಲ್ಲವೋ ನಿರ್ಧಾರವಾಗುತ್ತದೆ, ಯಾವ ಆ್ಯಪ್‌ನಲ್ಲಿ ಎಂಬುದರ ಮೇಲೆ ಅಲ್ಲ.

ಇರುವ ದಾರಿಗಳು, ಅವುಗಳ ತೊಡಕು

ಪೂರ್ತಿ ನಿಷೇಧ ಕೇಳಲು ಚೆಂದ. ನಡೆಯುವುದಿಲ್ಲ. ಗ್ರೂಪ್ ಮುಚ್ಚಿದ ವಾರದಲ್ಲೇ ಅದೇ ಜನ ಬೇರೆ ಹೆಸರಿನಲ್ಲಿ ಇನ್ನೊಂದು ತೆರೆಯುತ್ತಾರೆ, ಆಗ ನಿಮಗೆ ಅದು ಕಾಣುವುದೂ ಇಲ್ಲ.

ಸರ್ಕಾರದ್ದೇ ಆ್ಯಪ್ ಇದ್ದರೆ ಒಳ್ಳೆಯದು. ಹೊರಗಿನವರು ಒಳಗೆ ಬರುವುದು ಕಷ್ಟ, ದಾಖಲೆಯ ನಿಯಮವನ್ನೂ ಅದರೊಳಗೇ ಕೂರಿಸಬಹುದು. ಆದರೆ ‘ನಮ್ಮದು’ ಎಂದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ಫ್ರಾನ್ಸ್ ತನ್ನ ಅಧಿಕಾರಿಗಳಿಗಾಗಿ 2019ರಲ್ಲಿ ‘ಚಾಪ್’ ಎಂಬ ಆ್ಯಪ್ ತಂದಾಗ, ಸರ್ಕಾರಿ ಇಮೇಲ್ ಇಲ್ಲದ ಸಂಶೋಧಕರೊಬ್ಬರು ಇಮೇಲ್ ಪರಿಶೀಲನೆಯಲ್ಲಿದ್ದ ದೋಷ ಬಳಸಿ ಕೂಡಲೇ ಒಳಹೊಕ್ಕು ತೋರಿಸಿದರು. ದೋಷ ಸರಿಪಡಿಸಲಾಯಿತು, ಆ್ಯಪ್ ಇಂದಿಗೂ ಬಳಕೆಯಲ್ಲಿದೆ.

ಮೂರನೆಯದು, ಸಿಗ್ನಲ್‌ನಂತೆಯೇ ಕಾಣುವ, ಜೊತೆಗೆ ಪ್ರತಿಯನ್ನು ಸಂಗ್ರಹಿಸುವ ಆ್ಯಪ್. ಒಂದೇ ಏಟಿಗೆ ಎರಡು ಹಕ್ಕಿ ಎನಿಸುತ್ತದೆ, ಅಲ್ಲೇ ಅಪಾಯ. 2025ರ ಏಪ್ರಿಲ್ ಕೊನೆಯಲ್ಲಿ ವಾಲ್ಟ್ಜ್ ಅವರ ಫೋನಿನ ಪರದೆ ಸಭೆಯೊಂದರ ಫೋಟೊದಲ್ಲಿ ಸೆರೆಯಾಯಿತು, ಅದರಲ್ಲಿದ್ದದ್ದು ಟೆಲಿಮೆಸೇಜ್ ಎಂಬ ಇಂಥದೇ ಆ್ಯಪ್. ಕೆಲವೇ ದಿನಗಳಲ್ಲಿ ಹ್ಯಾಕರ್ ಒಬ್ಬ ಅದರ ಸರ್ವರಿಗೆ ನುಗ್ಗಿ ಕೆಲವು ಮೆಸೇಜ್‌ಗಳನ್ನು ಎತ್ತಿದ, ಸೇವೆ ನಿಂತಿತು. ಸಂಗ್ರಹಿಸಬೇಕಾದರೆ ಎಲ್ಲೋ ಒಂದು ಕಡೆ ಬೀಗ ತೆಗೆಯಲೇಬೇಕು, ಆ ಕಡೆ ಮೂರನೇ ಮನೆಯಾಗುತ್ತದೆ. ಅದನ್ನು ಕಾಯುವವರು ಯಾರು ಎಂದು ಕೇಳದೆ ಕೊಳ್ಳಬಾರದು.

ನಿಮ್ಮ ಸ್ಥಿತಿಗೆ ನಾನು ಹೇಳುವುದು ನಾಲ್ಕನೆಯದನ್ನು: ಗ್ರೂಪ್ ಇರಲಿ, ಕೆಲಸ ಹಂಚಿಕೆಯಾಗಲಿ. ‘ಸಭೆ 4ಕ್ಕೆ, ಕಡತ ತನ್ನಿ’ ಎಂಬಂಥದ್ದು ಗ್ರೂಪಿನಲ್ಲಿ. ‘ಏನು ತೀರ್ಮಾನ, ಏಕೆ’ ಎಂಬುದು ಕಡತದಲ್ಲಿ. ತೆರೆಯದ ಟೆಂಡರಿನ ವಿಷಯ, ತಪಾಸಣಾ ತಂಡ ಹೊರಡುವ ಸಮಯ ಇವು ಯಾರ ಫೋನಿನಲ್ಲೂ ಬೇಡ. ಎದುರು ಕೂತು ಹೇಳುವಂಥವು, ತಿಳಿಯಬೇಕಾದವರಿಗೆ ಮಾತ್ರ. 22 ಜನರಿಗೆ ಗೊತ್ತಿರುವ ತಪಾಸಣೆ ತಪಾಸಣೆಯೇ ಅಲ್ಲ. ಈ ದಾರಿಯ ತೊಡಕು ಎಂದರೆ ಶಿಸ್ತು. ಎರಡು ವಾರ ನಡೆದು ಮೂರನೇ ವಾರ ಸಡಿಲವಾಗುತ್ತದೆ, ನೆನಪಿಸುವವರೊಬ್ಬರು ಬೇಕು.

ನಾಳೆ ಬೆಳಿಗ್ಗೆ ನೀವು ಮಾಡಬೇಕಾದ್ದು

ಸದಸ್ಯರ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಂಬರುಗಳನ್ನು ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ನೋಡಿ ಬರೆಯಬೇಡಿ, ಕಚೇರಿಯ ದೂರವಾಣಿ ಪಟ್ಟಿ ನೋಡಿ ಬರೆಯಿರಿ. ಗ್ರೂಪಿನಲ್ಲಿರುವ ನಂಬರಿಗೂ ಇದಕ್ಕೂ ತಾಳೆಯಾಗದ ಹೆಸರು ಸಿಕ್ಕರೆ ಮೊದಲು ಅವರಿಗೆ ಕರೆ ಮಾಡಿ. ಬರೀ ಇನಿಷಿಯಲ್ ಅಥವಾ ಅಡ್ಡಹೆಸರು ಇಟ್ಟುಕೊಂಡವರಿಗೆ ಪೂರ್ತಿ ಹೆಸರು ಹಾಕಲು ಹೇಳಿ. ಆಮೇಲೆ ಗ್ರೂಪ್ ಸೆಟ್ಟಿಂಗ್‌ನಲ್ಲಿ ಸದಸ್ಯರನ್ನು ಸೇರಿಸುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಇರಲಿ, ಗ್ರೂಪ್ ಲಿಂಕ್ ಆಫ್ ಇರಲಿ. ಸಾಹೇಬರು ಮತ್ತು ನೀವು, ಇಬ್ಬರೇ ಅಡ್ಮಿನ್ ಸಾಕು.

ಪ್ರತಿಯೊಬ್ಬರೂ ತಮ್ಮ ‘ಲಿಂಕ್ಡ್ ಡಿವೈಸಸ್’ ಪುಟವನ್ನು ತೆರೆದು ಗುರುತಿಲ್ಲದ ಯಂತ್ರವನ್ನು ಕಿತ್ತುಹಾಕಲಿ. ನೋಟಿಫಿಕೇಷನ್‌ನಲ್ಲಿ ಹೆಸರೂ ಮೆಸೇಜೂ ಕಾಣದಂತೆ ಇಡಲಿ. ಅಕೌಂಟ್ ಸೆಟ್ಟಿಂಗ್‌ನಲ್ಲಿ ‘ರಿಜಿಸ್ಟ್ರೇಷನ್ ಲಾಕ್’ ಆನ್ ಮಾಡಲಿ. ನಿಮ್ಮ ನಂಬರಿನ ಸಿಮ್ ಅನ್ನು ಮೋಸದಿಂದ ಬೇರೆಯವರು ಪಡೆದರೂ ಪಿನ್ ಇಲ್ಲದೆ ಖಾತೆ ತೆರೆಯದಂತೆ ತಡೆಯುವುದು ಅದೇ. ಮುಖ್ಯ ಸದಸ್ಯರೊಂದಿಗಾದರೂ 60 ಅಂಕಿಗಳ ‘ಸೇಫ್ಟಿ ನಂಬರ್’ ಅನ್ನು ಎದುರೆದುರು ಕೂತು ತಾಳೆ ನೋಡಿ. ಮುಂದೊಂದು ದಿನ ‘ಸೇಫ್ಟಿ ನಂಬರ್ ಬದಲಾಗಿದೆ’ ಎಂದು ಬಂದರೆ ಸಾಮಾನ್ಯವಾಗಿ ಅವರು ಹೊಸ ಫೋನ್ ತೆಗೆದುಕೊಂಡಿರುತ್ತಾರೆ ಅಥವಾ ಆ್ಯಪ್ ಮತ್ತೆ ಹಾಕಿಕೊಂಡಿರುತ್ತಾರೆ. ಆದರೂ ಕರೆ ಮಾಡಿ ಕೇಳಿ, ಅರ್ಧ ನಿಮಿಷದ ಕೆಲಸ.

ಟೈಮರ್ ವಿಷಯದಲ್ಲಿ ಅವಸರ ಬೇಡ, ಆದರೆ ತಡವೂ ಬೇಡ. ಈಗಾಗಲೇ ಯಾರಾದರೂ ಮಾಹಿತಿ ಕೇಳಿದ್ದರೆ, ಅಥವಾ ವಿಚಾರಣೆ, ಮೊಕದ್ದಮೆ ಇದ್ದರೆ, ಟೈಮರ್ ಇವತ್ತೇ ನಿಲ್ಲಲಿ, ಯಾರೂ ಏನನ್ನೂ ಅಳಿಸಬಾರದು. ಟೈಮರ್ ಬದಲಾಯಿಸಿದರೆ ಅದು ಮುಂದಿನ ಮೆಸೇಜ್‌ಗಳಿಗೆ ಮಾತ್ರ ಅನ್ವಯ. ಹಳೆಯವು ಹಳೆಯ ಗಡುವಿಗೇ ಹೋಗುತ್ತವೆ, ಆದ್ದರಿಂದ ಪರದೆಯ ಮೇಲೆ ಇನ್ನೂ ಉಳಿದಿರುವುದನ್ನು ಮೊದಲು ನಕಲು ಮಾಡಿ. ಕಳಿಸಿದವರ ಹೆಸರು, ದಿನಾಂಕ, ಸಮಯ ಮೂರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಮುದ್ರಿಸಿ ಕಡತಕ್ಕೆ ಸೇರಿಸಿ. ಅದಕ್ಕೂ ಮುಂಚೆ ಫೋನಿನ ಫೋಟೊ ಬ್ಯಾಕಪ್ ಆಫ್ ಮಾಡಿ, ಇಲ್ಲದಿದ್ದರೆ ದಾಖಲೆ ಉಳಿಸಹೋಗಿ ಗುಟ್ಟನ್ನು ನೀವೇ ಕ್ಲೌಡ್‌ಗೆ ಏರಿಸಿದಂತಾಗುತ್ತದೆ.

ನಿಮ್ಮ ತಲೆಗೆ ಬರುತ್ತದೆಯೇ ಎಂದು ಕೇಳಿದ್ದೀರಿ. ದಾಖಲೆಯ ಹೊಣೆ ಮೊದಲಿಗೆ ತೀರ್ಮಾನ ತೆಗೆದುಕೊಂಡವರದು. ಆದರೆ ಅಡ್ಮಿನ್ ಆಗಿ ಟೈಮರ್ ಇಟ್ಟ ಬೆರಳು, ಸದಸ್ಯರನ್ನು ಸೇರಿಸಿದ ಬೆರಳು ನಿಮ್ಮದಾದರೆ ‘ಹೇಳಿದ್ದನ್ನು ಮಾಡಿದೆ’ ಎಂಬ ಉತ್ತರ ಒಂದೇ ಸಾಲದಾಗಬಹುದು. ಹಾಗಾಗಿ ಹೇಳಿದವರು ಯಾರು ಎಂಬುದು ಬರಹದಲ್ಲಿ ಇರಲಿ. ಸಾಹೇಬರ ಜೊತೆ ವಾದಕ್ಕೆ ಇಳಿಯಬೇಕಾಗಿಲ್ಲ. ಗ್ರೂಪಿನಲ್ಲಿ ಸೂಚನೆ ಬಂದ ದಿನವೇ ಟಿಪ್ಪಣಿ ಹಾಳೆಯಲ್ಲಿ ಒಂದು ಕಂಡಿಕೆ ಬರೆದು ಮಂಡಿಸಿ: ‘ಈ ದಿನ ಬೆಳಿಗ್ಗೆ 10.40ಕ್ಕೆ ಮೊಬೈಲ್ ಸಂದೇಶದ ಮೂಲಕ ನೀಡಿದ ಸೂಚನೆಯಂತೆ ಇಂಥ ಕ್ರಮ ಕೈಗೊಳ್ಳಲಾಗಿದೆ. ಸಂದೇಶದ ಪ್ರತಿ ಲಗತ್ತಿಸಿದೆ. ಅವಗಾಹನೆಗೆ ಮತ್ತು ಅನುಮೋದನೆಗೆ ಮಂಡಿಸಿದೆ.’ ಸಹಿ ಹಾಕಿದರೆ ದಾಖಲೆಯಾಯಿತು. ‘ಇದು ಕಡತದಲ್ಲಿ ಬೇಡ’ ಎಂದು ವಾಪಸು ಕಳಿಸಿದರೆ, ಆ ಶರಾವನ್ನು ಅವರ ಕೈಬರಹದಲ್ಲೇ ಪಡೆದುಕೊಳ್ಳಿ.